ಗದಿಗೆಮ್ಮ ತುಂಬಿದ ಉಡಿ

ಗದಿಗೆಮ್ಮ ಬಂಡೆಯ ಹಿಂದೆ ಉಸಿರು ಬಿಗಿಹಿಡಿದು ನಿಂತಳು. ಕುಂಟೆಯ ದಡದಲ್ಲಿ ಮಗ ಮೌನಪ್ಪ ಮೊಣಕಾಲೂರಿ ಕುಳಿತಿದ್ದ. ಪಕ್ಕದಲ್ಲಿ ಖಾಲಿ ಕೊಡ. ಎದುರಿಗೆ ಯಾರೂ ಇಲ್ಲ, ಬರೀ ನೀರು.

"ಆಕಿ ಇಲ್ಲದ ನಾ ಬದುಕಾಂಗಿಲ್ರಿ," ಎನ್ನುತ್ತಿದ್ದ. "ಕೈ ಮುಗೀತೀನಿ, ಬಿಟ್ಟುಬಿಡ್ರಿ."

ನೀರೊಳಗಿಂದ ಹೆಣ್ಣಿನ ಕೈಯೊಂದು ಮೇಲೆದ್ದಿತು. ಕೊಡವನ್ನು ಎಳೆದುಕೊಂಡು, ತುಂಬಿಸಿ, ದಡಕ್ಕಿಟ್ಟು ಮುಳುಗಿತು. ಹಾಗಾದರೆ ಯಂಕಮ್ಮ ಹೇಳಿದ್ದು ಸುಳ್ಳಲ್ಲ.

ಪಕ್ಕದ ತಗಡಿನ ಶೆಡ್ಡಿನ ಯಂಕಮ್ಮನಿಗೆ ಹೈದರಾಬಾದಿನ ಈ ಮಣಿಕೊಂಡದ ಸುದ್ದಿಯೆಲ್ಲ ಗೊತ್ತು. ಯಾವ ಸಾಫ್ಟ್‌ವೇರ್ ಕಂಪನಿಯ ಕಟ್ಟಡ ಎಲ್ಲಿ ಏಳುತ್ತದೆ ಎನ್ನುವುದೂ ಗೊತ್ತು, ಯಾವ ಕುಂಟೆಯಲ್ಲಿ ಯಾರಿದ್ದಾರೆ ಎನ್ನುವುದೂ ಗೊತ್ತು. "ಅವರು ಜಲಕನ್ಯೇರು. ಇಲ್ಲಿ ಮಂದಿ ಪರಿ ಅಂತಾರ. ಒಬ್ಬಾಕಿ ನಿನ್ನ ಮಗನ್ನ ಹಿಡದಾಳ ನೋಡು," ಎಂದು ಹಿಂದೆಯೇ ಎಚ್ಚರಿಸಿದ್ದಳು. ಗದಿಗೆಮ್ಮ ಆಗ ನಕ್ಕಿದ್ದಳು. ಹೆಂಡತಿಗೆ ಟ್ಯಾಂಕರ್ ನೀರು ಒಗ್ಗುವುದಿಲ್ಲವೆಂದು ಮಗ ದಿನಾ ಸಂಜೆ ಕೊಡ ಹಿಡಿದು ಕುಂಟೆಗೆ ಹೋಗುತ್ತಿದ್ದ. ಹೆಂಡತಿಯ ಹೆಸರಲ್ಲಿ ಹೊರಟ ಗಂಡಸನ್ನು ಯಾರು ತಾನೇ ಅನುಮಾನಿಸುತ್ತಾರೆ?

ಗದಿಗೆಮ್ಮನ ಹೊಟ್ಟೆ ಉರಿದದ್ದು ಸೊಸೆಗಾಗಿ. ಮಂದಾಕಿನಿಗೆ ತವರಿಲ್ಲ. "ಹಿಂದ ಮುಂದ ಯಾರೂ ಇಲ್ಲವ್ವಾ" ಎಂದು ಮೌನಪ್ಪ ಮೂರು ವರ್ಷದ ಹಿಂದೆ ಅವಳನ್ನು ಕೈಹಿಡಿದು ತಂದಾಗ ಗದಿಗೆಮ್ಮ ಮುಖ ಗಂಟಿಕ್ಕಿದ್ದಳು. ಆಮೇಲೆ ಸೋತಳು. ದಿನವೆಲ್ಲ ಮರಳಿನ ಬುಟ್ಟಿ ಹೊತ್ತು ಬಂದು ಅತ್ತೆಯ ಕಾಲೊತ್ತುವ ಹುಡುಗಿಯ ಮೇಲೆ ಎಷ್ಟು ದಿನ ಮುನಿಸಿರಲಾದೀತು? ಒಂದೇ ಕೊರಗು. ಯಾರ ಮನೆಯ ಮದುವೆಗೆ ಹೋದರೂ ಉಡಿ ತುಂಬುವ ಹೊತ್ತಿಗೆ ಸರಿಯಾಗಿ ಮೌನಪ್ಪ ಅವಳನ್ನು ಎಬ್ಬಿಸಿಕೊಂಡು ಬಂದುಬಿಡುತ್ತಿದ್ದ. "ಆಕಿಗೆ ಆಗಿಬರೂದಿಲ್ಲ" ಎನ್ನುತ್ತಿದ್ದ. ಮುತ್ತೈದೆಗೆ ಉಡಿ ಆಗಿಬರದಿದ್ದರೆ ಇನ್ನೇನು ಆಗಿಬರುತ್ತದೋ!

ಕುಂಟೆಯಿಂದ ಮರಳಿದ ಆ ಸಂಜೆ ಶೆಡ್ಡಿನ ಹೊರಗೆ ರೊಟ್ಟಿ ತಟ್ಟುತ್ತಿದ್ದವಳಿಗೆ ಒಳಗಿನ ಮಾತು ಕೇಳಿತು.

"ನಾಳಿ ಕುಂಟಿ ಮುಚ್ಚಾಕ ಟಿಪ್ಪರ್ ಬರತಾವು. ಮಣ್ಣು ಬೀಳೂದ್ರಾಗ ಅವರು ಬ್ಯಾರೆ ನೀರಿಗೆ ಹೋಗಾಕಬೇಕು," ಎಂದ ಮೌನಪ್ಪ. "ನಾಳಿ ಒಂದು ದಿನ ದಾಟಿದರ ಸಾಕು."

ಮಂದಾಕಿನಿ ಬಿಕ್ಕುತ್ತಿದ್ದಳು. ಕಟ್ಟಿಕೊಂಡವಳ ಮುಂದೆಯೇ ಈ ಮಾತೆ? ಗದಿಗೆಮ್ಮನಿಗೆ ರೊಟ್ಟಿ ಹೊತ್ತಿದ್ದೇ ತಿಳಿಯಲಿಲ್ಲ. ಅವರು ಹೋಗುತ್ತಾರೆ. ಹೋಗುವಾಗ ತನ್ನ ಮಗನನ್ನೂ ಎಳೆದುಕೊಂಡು ಹೋಗುತ್ತಾರೆ.

ಮರುದಿನ ಸ್ಲ್ಯಾಬ್ ಹಾಕುವ ಕೆಲಸ. ನಡುವೆ ಬಿಟ್ಟು ಬರುವಂತಿಲ್ಲ. ಮೌನಪ್ಪ ಹೆಂಡತಿಯನ್ನು ಮನೆಯಲ್ಲೇ ಬಿಟ್ಟು ನಸುಕಿನಲ್ಲೇ ಹೋದ. ಗದಿಗೆಮ್ಮನ ಗಂಡ ಹಂಪಯ್ಯ ವಾಚ್‌ಮನ್ ಪಾಳಿ ಮುಗಿಸಿ ಬಂದು ಗೊರಕೆ ಹೊಡೆಯುತ್ತಿದ್ದ. ಅವನನ್ನು ಎಬ್ಬಿಸುವುದೂ ಒಂದೇ, ಬಂಡೆಯನ್ನು ಎಬ್ಬಿಸುವುದೂ ಒಂದೇ. ಗದಿಗೆಮ್ಮ ಯಂಕಮ್ಮನ ಹತ್ತಿರ ಓಡಿದಳು.

"ಉಡಿ ತುಂಬಿ ಕಳಿಸು," ಎಂದಳು ಯಂಕಮ್ಮ. "ಹೆಣ್ಣು ಖಾಲಿ ಉಡೀಲೆ ಹೊಸ್ತಿಲ ದಾಟಬಾರದು, ತುಂಬಿದ ಮ್ಯಾಲ ನಿಲ್ಲಬಾರದು. ನೀರಾಗಿನವರಿಗೂ ಅದೇ ನೇಮ ಐತಿ. ಯಾರನ್ನೂ ಮುಟ್ಟದ ಹೋಗ್ತಾರ. ಆದ್ರ ಮೊದಲು ಮನಿ ಮುತ್ತೈದಿಗೆ ತುಂಬು."

ಟ್ರಂಕಿನಲ್ಲಿ ಹಸಿರು ಖಣವೊಂದಿತ್ತು. ಸೊಸೆ ಬಸಿರಾದರೆ ಬೇಕಾಗುತ್ತದೆಂದು ಸುಲ್ತಾನ್ ಬಜಾರಿನಲ್ಲಿ ಚೌಕಾಸಿ ಮಾಡಿ ತಂದದ್ದು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು ಎಲ್ಲ ಹೊಂದಿಸಿಕೊಂಡು ಸೊಸೆಯನ್ನು ಮಣೆಯ ಮೇಲೆ ಕೂಡಲು ಕರೆದಳು. ಮಂದಾಕಿನಿ ಹಿಂದೆ ಸರಿದಳು.

"ಬ್ಯಾಡ್ರಿ ಅತ್ತಿ. ಅವರು ಬರೂತನ ತಡೀರಿ."

"ಅಂವಾ ಬರೂದ್ರಾಗ ಎಲ್ಲಾ ಮುಗದಿರತೈತಿ. ನಿನ್ನ ಗಂಡನ ಜೀವದ ಮಾತಿದು."

"ಅವರಿಗೆ ಯಾರೂ ಏನೂ ಮಾಡಾಂಗಿಲ್ಲ, ನಾ ಹೇಳ್ತೀನಲ್ರಿ." ಸೊಸೆ ಅತ್ತೆಯ ಕೈ ಹಿಡಿದಳು. ಆ ಕೈ ತಣ್ಣಗಿತ್ತು. "ತುಂಬಿದರ ನಾ ಹೋಗಬೇಕಾಗತೈತ್ರಿ."

"ತವರು ಇದ್ದೋರು ಹೋಗ್ತಾರ. ನೀ ಎಲ್ಲಿಗೆ ಹೋಗ್ತಿ?" ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು ಗದಿಗೆಮ್ಮ. ಪಾಪ, ತವರಿಲ್ಲದವಳಿಗೆ ಹಾಗೆನ್ನಬಾರದಿತ್ತು. ಆದರೆ ದೂರದಲ್ಲಿ ಟಿಪ್ಪರುಗಳ ಸದ್ದು ಶುರುವಾಗಿತ್ತು. "ಸೆರಗು ಒಡ್ಡು. ನನ್ನ ಮಗನ ಮ್ಯಾಲ ಆಣಿ ಐತಿ."

ಮಂದಾಕಿನಿ ಮಣೆಯ ಮೇಲೆ ಕುಳಿತಳು. ಆಮೇಲೆ ಸೆರಗು ಒಡ್ಡಿದಳು. ಗದಿಗೆಮ್ಮ ಕುಂಕುಮ ಹಚ್ಚಿ, ಹಸಿರು ಖಣದೊಂದಿಗೆ ಎಲ್ಲವನ್ನೂ ಉಡಿಗೆ ಹಾಕಿದಳು. ಸೊಸೆ ಬಗ್ಗಿ ಕಾಲಿಗೆರಗಿದಾಗ ಪಾದದ ಮೇಲೆ ನೀರು ಬಿತ್ತು. ಕಣ್ಣೀರೆಂದುಕೊಂಡು ಗದಿಗೆಮ್ಮ ಅವಳ ತಲೆ ಸವರಿ, ಯಂಕಮ್ಮನನ್ನು ಕರೆಯಲು ಹೊರಟಳು.

ಇಬ್ಬರೂ ಕುಂಟೆಗೆ ಹೋಗಿ ಇನ್ನೊಂದು ಉಡಿಯನ್ನು ನೀರಿಗೆ ಬಿಟ್ಟರು. "ಹೋಗ್ರವ್ವಾ. ನನ್ನ ಮನಿ ಕಡೆ ಮತ್ತ ತಿರುಗಿ ನೋಡಬ್ಯಾಡ್ರಿ," ಎಂದಳು ಗದಿಗೆಮ್ಮ. ನೀರು ಸುಳಿಯಿತು. ಒಳಗೆ ಹೆಂಗಸರು ನಕ್ಕಂತಾಯಿತು. ಆ ನಗುವಿನ ನಡುವೆ ಒಬ್ಬಳು ಅತ್ತಂತೆಯೂ ಕೇಳಿಸಿತು. ಆಮೇಲೆ ಎಲ್ಲ ಸ್ತಬ್ಧ. ಮೊದಲ ಟಿಪ್ಪರ್ ಹಿಮ್ಮುಖವಾಗಿ ಬಂದು ಕೆಂಪು ಮಣ್ಣು ಸುರಿಯಿತು. ಗದಿಗೆಮ್ಮನ ಎದೆ ಹಗುರಾಯಿತು. ಕೊನೆಯ ಟಿಪ್ಪರ್ ಹೋಗುವವರೆಗೂ ಕಾವಲುಗಾರ್ತಿಯಂತೆ ಅಲ್ಲೇ ಕುಳಿತಳು.

ಸಂಜೆ ಮೌನಪ್ಪ ಸಿಮೆಂಟ್ ಮೆತ್ತಿದ ಕಾಲಲ್ಲೇ ಓಡಿಬಂದ. ತಾಯಿ ಶೆಡ್ಡಿನ ಬಾಗಿಲಲ್ಲಿದ್ದಳು.

"ಅವರು ಹೋದರೇನವ್ವಾ?"

"ಹೋದರು. ನಾನೇ ಉಡಿ ತುಂಬಿ ಕಳಿಸೀನಿ."

ಅವನು ನಕ್ಕ. ಅವಳು ಮಗನ ಮುಖದಲ್ಲಿ ಅಂಥ ನಗು ನೋಡಿ ವರ್ಷಗಳಾಗಿದ್ದವು. ನಗುತ್ತಲೇ ಒಳಗೆ ಇಣುಕಿದ. ನಿನ್ನೆಯ ಕೊಡ ತುಂಬಿದಂತೆಯೇ ಇತ್ತು.

"ಮಂದಾ ಎಲ್ಲಿ?"

"ಇಲ್ಲೇ ಎಲ್ಲೋ ಇರಬೇಕು. ಮೊದಲು ಆಕಿಗೇ ತುಂಬಿದೆ. ಭಾಳ ಹಟ ಮಾಡಿದಳು ನೋಡಪಾ, ಆಣಿ ಹಾಕಿ ಒಪ್ಪಿಸಿದೆ."

ಮೌನಪ್ಪ ಹೊಸ್ತಿಲಿನಿಂದ ಸರಕ್ಕನೆ ತಿರುಗಿ ನೋಡಿದ. ಬಂಡೆಗಳ ಆಚೆ ಕುಂಟೆಯಿದ್ದ ಜಾಗ ಅಂಗೈಯಂತೆ ಮಟ್ಟಸವಾಗಿತ್ತು. ರೋಲರ್ ಇನ್ನೂ ಓಡಾಡುತ್ತಿತ್ತು. ಗದಿಗೆಮ್ಮನಿಗೆ ಮಗನ ಮುಖ ನೋಡಿ ಗಾಬರಿಯಾಯಿತು.

"ಎಲ್ಲಿಗೆ ಹೋಗ್ತಾಳೋ? ತವರಿಲ್ಲದಾಕಿ."

"ಆಕಿ ತವರು ಅದೇ ಕುಂಟಿ ಇತ್ತವ್ವಾ."