ಉಳವಪ್ಪನವರ ರಾಜೀನಾಮೆ

ಆ ಒಂದು ವಾಕ್ಯವನ್ನು ಮಹಾದೇವಕ್ಕ ದಾರಿಯುದ್ದಕ್ಕೂ ಬಾಯೊಳಗೇ ಹೊರಳಿಸುತ್ತ ಬಂದಳು. ‘ಈ ಸಲ ಅಧ್ಯಕ್ಷರು ಬದಲಾಗಲಿ ಎಂದು ನಾನು ಸೂಚಿಸುತ್ತೇನೆ.’ ಅಷ್ಟೇ. ಹೈಸ್ಕೂಲಿನ ಹುಡುಗರಿಗೆ ದಿನವೂ ಇದಕ್ಕಿಂತ ಬಿರುಸಾದ ಮಾತು ಆಡುತ್ತಿದ್ದಳು. ಇದು ಮಾತ್ರ ನಾಲಿಗೆಗೆ ಅಂಟಿಕೊಂಡಿತ್ತು.

ನಾಟಕ ಆಡಿಸುವ ದಾಂಡೇಲಿಯ ಕಾಳಿತೀರ ಕಲಾ ಮಂಡಳಿಯ ಸಭೆ. ಮಿಲ್ಲಿನ ಸಂಜೆಯ ಭೋಂಗಾ ಕೂಗಿದ ಮೇಲೆ ಶುರುವಾಗುವುದು ರೂಢಿ. ತಿರುವಿನಲ್ಲಿ ಹಿಂದಿನಿಂದ ಯಾರೋ ಕರೆದರು. ನೋಡಿದರೆ ಅಧ್ಯಕ್ಷ ಉಳವಪ್ಪನವರೇ.

“ಅಕ್ಕೋರ, ಮಾರಿ ಯಾಕ ಸಣ್ಣದಾಗೇತಿ? ಸಾಲ್ಯಾಗ ಹುಡುಗೂರು ಕಾಡಿದ್ರೇನ?”

“ಏನಿಲ್ರೀ ಕಾಕಾರ.”

“ಹೇಳೂದಿದ್ರ ಸಭಾದಾಗ ಹೇಳಿಬಿಡ್ರಿ. ಹೊಟ್ಯಾಗ ಇಟ್ಕೊಂಡ್ರ ನಿದ್ದಿ ಬರೂದಿಲ್ಲ. ನನ್ನ ಮಾರಿ ನೋಡಬ್ಯಾಡ್ರಿ, ಅಷ್ಟ.”

ಅವಳು ನೆಲ ನೋಡುತ್ತ ನಡೆದಳು. ಗಂಡ ತೀರಿಕೊಂಡ ಮರುವರ್ಷ ತನ್ನನ್ನು ಈ ಮಂಡಳಿಗೆ ತಂದವರು ಇವರೇ. ‘ಹೆಣ್ಣಮಗಳು ಗಂಡಸರ ನಡುವ ಕುಂದರೂದ?’ ಎಂದವರ ಬಾಯಿ ಮುಚ್ಚಿಸಿದವರೂ ಇವರೇ.

ಈ ಮನುಷ್ಯನನ್ನು ಇಳಿಸಲು ತಾನು ಒಪ್ಪಿದ್ದು ಹೇಗೆ? ಕಾರ್ಯದರ್ಶಿ ಸೋಮಪ್ಪ ಮನೆಗೆ ಬಂದು ಕೂತು ಹೇಳಿದ್ದು ನೆನಪಾಯಿತು.

“ಮುದುಕರು ನಾಟಕ ಮಾಡ್ತಾರ್ರಿ. ವರ್ಷಾ ವರ್ಷಾ ರಾಜೀನಾಮೆ ಕೊಡೂದು, ನಮ್ಮ ಕಡೆ ಕೈಕಾಲು ಹಿಡಿಸ್ಕೊಳ್ಳೂದು. ಅದೊಂದ ಚಟ. ನಾವ್ ಗಂಡಸ್ರು ಅಂದ್ರ ಜಗಳ ಆಕ್ಕೇತಿ. ನೀವ್ ಅಂದ್ರ ಸುಮ್ಮನ ಕೇಳ್ತಾರ. ಎಲ್ಲಾರದೂ ಒಪ್ಪಿಗಿ ಐತಿ, ಬಾಯಿ ಅಷ್ಟ ಯಾರಿಗೂ ಇಲ್ಲ.”

ಅದು ಸುಳ್ಳೂ ಆಗಿರಲಿಲ್ಲ. ಯುಗಾದಿ ಮುಗಿಯುತ್ತಲೇ ಉಳವಪ್ಪ ರಾಜೀನಾಮೆ ಎನ್ನುತ್ತಿದ್ದರು. ಸದಸ್ಯರೆಲ್ಲ ಅವರ ಮನೆಯ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದರು. ಹಿಂದಕ್ಕೆ ತೆಗೆದುಕೊಳ್ಳುವ ತನಕ ಆ ಮನೆಯ ಚಹಾ ಮುಟ್ಟಬಾರದು, ಅದು ಮಂಡಳಿಯ ಪದ್ಧತಿ. ಅವರ ಹೆಂಡತಿ ಮಾಲವ್ವ ತಂದಿಟ್ಟ ಚಹಾ ಆರಿ ಕೆನೆ ಕಟ್ಟುತ್ತಿತ್ತು. ಅತಿಥಿಗಳು ಉಪವಾಸ ಕೂತರೆ ಯಾವ ಯಜಮಾನ ತಡೆದುಕೊಂಡಾನು? ಉಳವಪ್ಪ ಕೊನೆಗೆ ತಲೆಯಾಡಿಸುತ್ತಿದ್ದರು. ತುರ್ತು ಪರಿಸ್ಥಿತಿಯ ಕಾಲದಲ್ಲೂ ಈ ಆಚರಣೆ ತಪ್ಪಿರಲಿಲ್ಲ.

ಆದರೆ ಅವಳು ಒಪ್ಪಿದ್ದು ಚಟಕ್ಕೆ ಬೇಸತ್ತು ಮಾತ್ರವೇ? ಸೋಮಪ್ಪ ಹೊಸ್ತಿಲು ದಾಟುವಾಗ ಇನ್ನೊಂದು ಮಾತು ಬಿಟ್ಟುಹೋಗಿದ್ದ. “ಮುಂದಿನ ಅಧ್ಯಕ್ಷರು ನೀವಽ ಆಗ್ರಿ.” ಆ ಮಾತು ಸಿಹಿಯೆನಿಸಿತ್ತು. ಅದೇ ಈಗ ಚುಚ್ಚುತ್ತಿತ್ತು.

ಸಭೆಯಲ್ಲಿ ಅವಳು ಎದ್ದು ನಿಂತಳು. ವಾಕ್ಯ ಹೇಳಿದಳು. ಯಾರ ಮುಖವನ್ನೂ ನೋಡಲಿಲ್ಲ.

“ನಂದೂ ಅದ ಮಾತು,” ಎಂದ ಲುಯಿಸ್, ಹಳಿಯಾಳದ ಕಡೆಯ ಸಿದ್ದಿಯರ ಡಮಾಮಿ ಡೋಲು-ಕುಣಿತದ ಮೇಳದ ಮುಖಂಡ. ಕೈಗಳು ಒಂದೊಂದಾಗಿ ಮೇಲೆದ್ದವು. ಆ ಕುರ್ಚಿಗೆ ಅವನೇ ಅವಳ ಹೆಸರನ್ನೂ ಎತ್ತಿದ. ಮತ್ತೆ ಕೈಗಳೆದ್ದವು.

ಉಳವಪ್ಪನವರ ತುಟಿ ಅದುರಿತು. ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡರು. ಭುಜಗಳು ಕುಲುಕಿದವು. ಯಾರೊಡನೆಯೂ ಮಾತಾಡದೆ, ಚಪ್ಪಲಿಯನ್ನು ಅದಲುಬದಲಾಗಿ ಮೆಟ್ಟಿಕೊಂಡು ಹೊರಟುಹೋದರು.

“ಮೊದಲ ಎಂಥಾ ನಟ ಇದ್ರು ಗೊತ್ತೇನ್ರಿ?” ಎಂದ ಲುಯಿಸ್, ಬಾಗಿಲ ಕಡೆ ನೋಡುತ್ತ. “ಪಾತ್ರ ಹಂಚೂ ಅಧ್ಯಕ್ಷರು ತಾವಽ ಬಣ್ಣಾ ಹಚ್ಚಬಾರದು ಅಂತ ನಿಯಮ ಮಾಡಿ, ಆಟಾನ ಬಿಟ್ರು. ಮಂಡಳಿ ಸಲುವಾಗಿ.”

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಬೇಕೆನಿಸಿತು ಅವಳಿಗೆ. ರಂಗವನ್ನೇ ಬಿಟ್ಟುಕೊಟ್ಟವರಿಗೆ ಉಳಿದಿದ್ದ ಒಂದು ಕುರ್ಚಿಯನ್ನೂ ತಾನು ಕಿತ್ತುಕೊಂಡಿದ್ದಳು.

ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲೇ ಅವರ ಮನೆಯ ಮುಂದೆ ನಿಂತಳು. ಒಳಗಿನಿಂದ ಅಳು ಕೇಳಿಸುತ್ತಿತ್ತು. ಕರುಳು ಕತ್ತರಿಸುವಂಥ, ಬಿಕ್ಕಿ ಬಿಕ್ಕಿ ಬರುವ ಅಳು. ಅವಳ ಕಾಲು ಕಟ್ಟೆಯ ಬುಡದಲ್ಲೇ ನಿಂತುಬಿಟ್ಟಿತು.

ಮಾಲವ್ವ ಹೊರಗೆ ಬಂದಳು. ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು.

“ನಿನ್ನಿ ಸಭಾದಿಂದ ಬಂದಾಗಿಂದ ಹಿಂಗಽ ಅದಾರ್ರಿ. ಉಣ್ಣಾಕ ಕರದ್ರ ಬರವಲ್ರು. ಮಗ್ಗಲ ಮನಿಯವ್ರು ಯಾರು ಸತ್ರು ಅಂತ ಕೇಳಾಕ ಬಂದಿದ್ರು.”

“ಮಾಲವ್ವಾರ, ನನ್ನ ತಪ್ಪು. ಎಲ್ಲಾ ನನ್ನಿಂದಽ ಆತು.”

“ಆತಲ್ರೀ,” ಎಂದಳು ಮಾಲವ್ವ ನಿಟ್ಟುಸಿರಿಟ್ಟು. “ಇನ್ನ ನನಗ ಈ ಮನ್ಯಾಗ ಸುಖಾ ಇಲ್ಲ.”

ಮಹಾದೇವಕ್ಕನ ಕಣ್ಣು ತುಂಬಿಬಂತು. ಕಟ್ಟೆ ಹತ್ತಿ ಬಾಗಿಲ ಚೌಕಟ್ಟು ಹಿಡಿದು ಒಳಗೆ ಕೇಳುವಂತೆ ಹೇಳಿದಳು. “ಕಾಕಾರ, ನನಗ ಆ ಕುರ್ಚಿ ಬ್ಯಾಡ್ರಿ. ಇವತ್ತ ಎಲ್ಲಾರನ್ನೂ ಕರಸ್ತೇನಿ. ನಿಮ್ಮನ್ನ ತಿರಗಿ ಕೂಡಿಸ್ತೇನಿ.”

ಅಳು ಥಟ್ಟನೆ ನಿಂತಿತು.

ಉಳವಪ್ಪ ಓಡುತ್ತ ಹೊರಗೆ ಬಂದರು. ತಲೆಯ ಮೇಲೆ ಮಾಲವ್ವನ ಹಳೆಯ ಸೀರೆಯ ಸೆರಗು, ಹಣೆಯಲ್ಲಿ ಬೊಟ್ಟು, ಗಲ್ಲದ ಮೇಲೆ ಬಿಳಿಯ ಪೌಡರು.

“ಕೈ ಮುಗಿತೇನಿ ಅಕ್ಕೋರ, ಅದೊಂದ ಮಾಡಬ್ಯಾಡ್ರಿ. ನಾ ಮಾಡಿದ ನಿಯಮ ನಾನಽ ಮುರೀಲಿ ಹೆಂಗ? ಬಿಡ್ತೇನಿ ಅಂದ್ರ ನೀವೆಲ್ಲಾ ಬಂದು ಕಟ್ಟೀ ಮ್ಯಾಲೆ ಉಪವಾಸ ಕುಂದರ್ತಿದ್ರಿ. ಕಡೀಕ ಸೋಮಪ್ಪನ್ನ ನಿಮ್ಮ ಮನಿಗೆ ಕಳಿಸಿದಾವ ನಾನಽ. ಚಟ ಅಂತ ಹೇಳು ಅಂದಾವನೂ ನಾನಽ.”

ಅವರು ಸೆರಗು ಸರಿಮಾಡಿಕೊಂಡು, ಮೊದಲ ಸಲ ಪಾತ್ರ ಕೇಳಲು ಬಂದ ಹುಡುಗನಂತೆ ಅವಳ ಮುಂದೆ ತಲೆ ತಗ್ಗಿಸಿ ನಿಂತರು.

“ದೀಪಾವಳಿ ಆಟದಾಗ ಮಗನ್ನ ಕಳಕೊಂಡ ತಾಯಿ ಪಾತ್ರ ಇನ್ನೂ ಯಾರಿಗೂ ಕೊಟ್ಟಿಲ್ಲ, ಹೌದಲ್ರೀ ಅಧ್ಯಕ್ಷರ?”