ಬೀಳೋ ಮಾಮನ ಅಂಗಿ

ಅಂಗಡಿಯ ಶಟರ್ ಅರ್ಧಕ್ಕೆ ಎಳೆದುಕೊಂಡು ದರ್ಜಿ ತನ್ನ ಜೂಡೋ ಅಂಗಿಯನ್ನು ತಾನೇ ಕತ್ತರಿಸಿದ. ಎಡಗಡೆ, ಕಾಲರಿನ ಪಕ್ಕದಲ್ಲಿ, ಒಂದು ಗೇಣು. ಕತ್ತರಿಸಿದ್ದನ್ನು ಮತ್ತೆ ಮಿಷನ್ನಿಗೆ ಕೊಟ್ಟು ಹೊಲಿಯತೊಡಗಿದ. ಗುಂಡಿ ಹಾಕುತ್ತ ಕೂತಿದ್ದ ಹೆಂಡತಿ ಕನ್ನಡಕದ ಮೇಲಿಂದ ನೋಡಿದಳು.

"ತಲೆ ನೆಟ್ಟಗಿದೆಯೇನ್ರೀ ನಿಮಗೆ? ಚೆನ್ನಾಗಿರೋ ಅಂಗೀನ ಕತ್ತರಿಸಿ ಹೊಲೀತಿದ್ದೀರಲ್ಲ."

"ನಾಳೆ ಮೇಷ್ಟ್ರು ನೋಡ್ತಾರೆ ಕಣೇ. ಪ್ರತಿ ವರ್ಷ ನೋಡ್ತಾರೆ."

"ನೋಡಿದ್ರೆ ನೋಡ್ಲಿ. ಈ ಸಲ ಹರಿದಿಲ್ಲ ಅನ್ನಿ."

"ಅದನ್ನ ಯಾವ ಬಾಯಲ್ಲಿ ಹೇಳ್ಲಿ?" ಎಂದು ದರ್ಜಿ ಹಲ್ಲಿನಿಂದ ದಾರ ಕಡಿದ.

ಜೂಡೋ ಮೇಷ್ಟ್ರ ಕೈಯಲ್ಲಿ ಎತ್ತಿ ಎಸೆಸಿಕೊಳ್ಳುವುದು ದರ್ಜಿಯ ಇನ್ನೊಂದು ಕಸುಬು. ಮಕ್ಕಳಿಗೆ ಪಟ್ಟು ತೋರಿಸಬೇಕೆಂದರೆ ಎದುರಿಗೆ ಒಬ್ಬ ಬೇಕಲ್ಲ, ಮೀಸೆ ಚಿಗುರುವ ಕಾಲದಿಂದ ಆ ಒಬ್ಬ ಇವನೇ. ಮಕ್ಕಳು ಬೀಳೋ ಮಾಮ ಎಂದೇ ಕರೆಯುತ್ತಿದ್ದರು. ಮೇಷ್ಟ್ರ ಹಿಡಿತ ಅಂದರೆ ಹುಡುಗಾಟವಲ್ಲ. ವರ್ಷ ತುಂಬುವುದರೊಳಗೆ ಕಾಲರಿನ ಪಕ್ಕದ ಬಟ್ಟೆ ಪರ್ರೆಂದು ಹರಿದೇ ಇರುತ್ತಿತ್ತು, ದರ್ಜಿ ಅದನ್ನು ಹೊಲಿದುಕೊಳ್ಳುತ್ತಿದ್ದ. ವಾರ್ಷಿಕ ಪ್ರದರ್ಶನದ ದಿನ ಕಾಲರ್ ಹಿಡಿದಾಗ ಮೇಷ್ಟ್ರು ಆ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿ, ಇವನಿಗಷ್ಟೇ ಕೇಳುವ ಹಾಗೆ "ಈ ವರ್ಷಾನೂ ಹರಿದುಬಿಟ್ಟೆನಾ?" ಎಂದು ಒಳಗೊಳಗೇ ಹಿಗ್ಗುತ್ತಿದ್ದರು.

ಅವರದು ಒಂದೇ ಕಟ್ಟುಪಾಡು. "ನಾನು ಎತ್ತದೆ ನೀನು ಬಿದ್ರೆ ಅದು ಸುಳ್ಳು. ಸುಳ್ಳು ತೋರಿಸಿ ಈ ಮಕ್ಕಳಿಗೆ ಏನು ಕಲಿಸೋದು? ನನ್ನ ಕೈ ಸೋತ ದಿನ ನೀನು ಅಲ್ಲಾಡಬೇಡ, ನಿಂತುಬಿಡು. ಆವತ್ತೇ ಬೆಲ್ಟ್ ಬಿಚ್ಚಿಟ್ಟು ಕಲಿಸೋದು ನಿಲ್ಲಿಸ್ತೀನಿ" ಎಂದು ಇವನಿಂದ ಮಾತು ತೆಗೆದುಕೊಂಡಿದ್ದರು. ಅವರ ಕೈ ಗಟ್ಟಿಯಿದ್ದ ಕಾಲ, ಇವನೂ ಹಿಂದೆಮುಂದೆ ನೋಡದೆ ಕೊಟ್ಟಿದ್ದ. ಆದರೆ ಮೇಷ್ಟ್ರ ಹೆಂಡತಿ ತೀರಿಕೊಂಡ ಮೇಲೆ ಅವರ ಬಲಗೈ ನಡುಗಲು ಶುರುವಾಯಿತು. ಬರಬರುತ್ತ ಹಿಡಿತವೇ ನಿಲ್ಲದಾಯಿತು. ದರ್ಜಿ ಹೇಳಲಿಲ್ಲ, ತಾನೇ ಹಾರಿ ಬೀಳತೊಡಗಿದ. ಆ ಜೂಡೋ ಹಾಲ್ ಒಂದು ತಪ್ಪಿದರೆ ಅವರಿಗೆ ಇನ್ನೇನಿದೆ, ಮನೆಗೆ ಹೋಗಿ ಗೋಡೆ ನೋಡುತ್ತ ಕೂರಬೇಕಷ್ಟೆ ಎಂದುಕೊಂಡಿದ್ದ. ಇವತ್ತೊಂದು ಸಲ, ನಾಳೆಯೊಂದು ಸಲ ಎನ್ನುತ್ತ ವರ್ಷವೇ ಕಳೆಯಿತು. "ಕೈ ನಡುಗಿದ್ರೇನು, ಪಟ್ಟು ಮರೆತಿಲ್ಲ ನೋಡು" ಎಂದು ಮೇಷ್ಟ್ರು ಬೀಗುತ್ತಿದ್ದರು. ಅಂಗಿ ಮಾತ್ರ ಹರಿಯಲಿಲ್ಲ.

ಮರುದಿನ ಹಾಲ್ ತುಂಬ ಮಕ್ಕಳು, ಅವರ ಅಪ್ಪ ಅಮ್ಮಂದಿರು. ಇಬ್ಬರೂ ಮ್ಯಾಟಿನ ಮೇಲೆ ಎದುರುಬದುರು ನಿಂತು ಬಾಗಿ ವಂದಿಸಿದರು. ಮೇಷ್ಟ್ರ ಕೈ ಕಾಲರ್ ಹಿಡಿಯಿತು. ಹಿಡಿಯಿತು ಅನ್ನುವುದೂ ದೊಡ್ಡ ಮಾತೇ, ಚಿಕ್ಕ ಮಗು ಅಮ್ಮನ ಬಟ್ಟೆಗೆ ಜೋತುಬಿದ್ದ ಹಾಗಿತ್ತು. ಹೆಬ್ಬೆರಳು ಹೊಸ ಹೊಲಿಗೆಯ ಮೇಲಿಂದ ಕೆಳಗಿನವರೆಗೂ ನಿಧಾನವಾಗಿ ಇಳಿಯಿತು. ಹರಿದುಬಿಟ್ಟೆನಾ ಎಂದು ಅವರು ಕೇಳಲಿಲ್ಲ. ಅವನ ಮುಖ ನೋಡಿದರು, ಸೊಂಟ ತಿರುಗಿಸಿದರು. ದರ್ಜಿ ಹಾರಿದ. ಅಂಗೈ ಮ್ಯಾಟಿಗೆ ಛಟೀರೆಂದು ಬಡಿಯುವಂತೆ ಬಿದ್ದ. ಹಾಲ್ ಬಿದ್ದುಹೋಗುವ ಹಾಗೆ ಚಪ್ಪಾಳೆ.

ಎಲ್ಲ ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಗೆ ಹೋದರೆ ಮೇಷ್ಟ್ರು ಬೆಂಚಿನ ಮೇಲೆ ಕೂತಿದ್ದರು. ಬಾಗಿಲು ಮುಂದೆ ಮಾಡಿಸಿದರು. ಹತ್ತಿರ ಕರೆದು, ಅವನ ಕಾಲರನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು.

"ಹೊಲಿಗೆ ಚೆನ್ನಾಗಿದೆ."

"ಹ್ಞೂಂ ಮೇಷ್ಟ್ರೇ. ಈ ಸಲ ಸ್ವಲ್ಪ ಜಾಸ್ತೀನೇ ಹರಿದಿತ್ತು."

"ಹರಿದಿದ್ದು ನಾನಾ?"

"ಇನ್ಯಾರು, ನೀವೇ."

"ನನ್ನ ಕೈ ಯಾವತ್ತಾದ್ರೂ ಇಷ್ಟು ನೆಟ್ಟಗೆ ಹರಿದಿದೆಯೇನೋ?"

ದರ್ಜಿ ತಲೆ ತಗ್ಗಿಸಿ ನೋಡಿಕೊಂಡ. ಹಳೆಯ ಹೊಲಿಗೆಗಳೆಲ್ಲ ಅಂಕುಡೊಂಕಾಗಿ, ಮೇಷ್ಟ್ರು ಹರಿದ ದಾರಿ ಹಿಡಿದು ಹೋಗಿದ್ದವು. ಇದೊಂದು ಮಾತ್ರ ಸ್ಕೇಲಿಟ್ಟು ಗೆರೆ ಎಳೆದಂತಿತ್ತು. ಜೀವನವಿಡೀ ಅಳತೆಗೆ ಕತ್ತರಿಸಿದ ಕೈ, ಸುಳ್ಳು ಹೇಳುವಾಗಲೂ ಅದಕ್ಕೆ ಸೊಟ್ಟಗೆ ಕತ್ತರಿಸಲು ಬಂದಿರಲಿಲ್ಲ.

"ಯಾವಾಗಿಂದ ನೀನಾಗಿ ಬೀಳ್ತಿದ್ದೀಯ?"

ಮೇಷ್ಟ್ರು ಕಾಲರನ್ನು ಬಿಟ್ಟು, ಅದು ಮಡಚಿಕೊಂಡದ್ದನ್ನು ಸರಿಮಾಡಿದರು.

"ಚೆನ್ನಾಗಿ ಬೀಳ್ತಿದ್ದೆ ಕಣೋ. ನಂಗೆ ಗೊತ್ತೇ ಆಗ್ಲಿಲ್ಲ."

ಹಾಗೆಂದು ಎದ್ದು ನಿಂತು ತಮ್ಮ ಸೊಂಟದ ಗಂಟಿಗೆ ಕೈ ಹಾಕಿದರು. ಬೆರಳುಗಳು ಕಪ್ಪು ಬೆಲ್ಟಿನ ಮೇಲೆ ಜಾರಿದವು. ಮತ್ತೆ ಹಾಕಿದರು, ಮತ್ತೆ ಜಾರಿದವು. ದರ್ಜಿ ತಡೆಯಲಾರದೆ ಕೈ ಚಾಚಿದ.

"ಬೇಡ," ಎಂದರು ಮೇಷ್ಟ್ರು. "ಅಲ್ಲಾಡಬೇಡ."

ಹೊರಗೆ ಮಕ್ಕಳು ಬೀಳೋ ಮಾಮ, ಬೀಳೋ ಮಾಮ ಎಂದು ಕೂಗುತ್ತಿದ್ದರು. ಕಣ್ಣೀರು ಗಲ್ಲದಿಂದ ಇಳಿದು ಕಾಲರ್ ಒದ್ದೆಯಾಗುತ್ತಿತ್ತು, ದರ್ಜಿ ಒರೆಸಿಕೊಳ್ಳಲಿಲ್ಲ. ಗಂಟು ಬಿಚ್ಚಿಕೊಳ್ಳುವವರೆಗೂ ನಿಂತೇ ಇದ್ದ.