ಕಳ್ಳ ಬಿಟ್ಟುಹೋದ ಡಾಲರ್

ಕಳ್ಳ ಒಂದು ಡಾಲರ್ ಬಿಟ್ಟುಹೋಗಿದ್ದ.

ನವೀನ್ ಕುಮಾರ್ ಫೋನ್ ಆರಿಸಿ ಮತ್ತೆ ಹಚ್ಚಿದ. ವ್ಯಾಲೆಟ್ ಆ್ಯಪ್ ತೆರೆದ. ಅದೇ ಒಂದು. ನಿನ್ನೆ ರಾತ್ರಿ ಅಲ್ಲಿ ಸ್ಟೇಬಲ್‌ಕಾಯಿನ್ ಎಂಬ ಎರಡು ಸಾವಿರ ಡಿಜಿಟಲ್ ನಾಣ್ಯಗಳಿದ್ದವು. ಒಂದೊಂದೂ ಒಂದು ಡಾಲರಿಗೆ ಸಮ. ಹೊರದೇಶದವರ ಮದುವೆ ವಿಡಿಯೊಗಳನ್ನು ಮಧುಗಿರಿಯ ಬಾಡಿಗೆ ಮನೆಯಲ್ಲಿ ಕೂತು ಎಡಿಟ್ ಮಾಡಿ ಕೂಡಿಸಿದ ಗಂಟು.

"ಬಸವೇಶನೇ!" ಎಂದು ಕೂಗಿದ.

ಒಲೆ ಮುಂದಿದ್ದ ಹೆಂಡತಿ ತೇಜಸ್ವಿನಿ ತಿರುಗಿದಳು. "ಏನಾಯ್ತು ಬಸವೇಶಣ್ಣಂಗೆ?"

"ಅವನಿಗೇನಾಗುತ್ತೆ? ನಮ್ಮ ದುಡ್ಡು ಹೊಡೆದಿದ್ದಾನೆ. ವ್ಯಾಲೆಟ್ ಮಾಡಿಕೊಟ್ಟವನು ಅವನು. ಅದರ ಹನ್ನೆರಡು ಗುಟ್ಟಿನ ಪದ ಅವನ ಕಣ್ಣೆದುರೇ ಬಂದದ್ದು. ಅವು ಗೊತ್ತಿದ್ರೆ ಯಾವ ಫೋನಿಂದಾದ್ರೂ ದುಡ್ಡು ಎತ್ತಬಹುದು. ಫೋನ್ ನೋಡಿದ್ರೆ ರಾತ್ರಿಯಿಂದ ನಿನ್ನ ಪಕ್ಕದಲ್ಲೇ ಚಾರ್ಜಿಗಿದೆ. ಲಾಕ್ ನಂಬರು ನಮ್ಮ ಮದುವೆ ತಾರೀಖು, ನಾನೇ ಎಷ್ಟೋ ಸಲ ಮರೀತೀನಿ. ಇನ್ಯಾರು ಮತ್ತೆ?"

"ಎಲ್ಲಾ ಹೋಯ್ತಾ?"

"ಒಂದು ಬಿಟ್ಟಿದ್ದಾನೆ. ಅಣಕಿಸೋಕೆ!"

"ಬುಡಿ, ಎಲ್ಲಿ ಹೋಗುತ್ತೆ. ನಮ್ಮದಾಗಿದ್ರೆ ನಮ್ಮ ಹತ್ರಾನೇ ಇರುತ್ತೆ."

ನವೀನನಿಗೆ ಮೈ ಉರಿಯಿತು. ಹಿಟ್ಟಿನ ಗಿರಣಿ ಹಾಕಬೇಕೆಂದು ಅವಳೇ ಪೇಟೆಯಲ್ಲಿ ಮಳಿಗೆ ನೋಡಿಟ್ಟಿದ್ದಳು. ಗಿರಣಿಯ ಬಿಲ್ಲು ಹೊಡೆಯಲೆಂದು ಸಂಜೆ ಕಂಪ್ಯೂಟರ್ ಕ್ಲಾಸಿಗೂ ಸೇರಿದ್ದಳು. ಅಂಥವಳು ಈಗ ವೇದಾಂತ ಹೇಳುತ್ತಿದ್ದಳು.

ಅವನ ಅವಸರಕ್ಕೆ ಬೇರೆ ಕಾರಣವಿತ್ತು. ಫೋನಿನಲ್ಲಿ ಪರಿಚಯವಾದ ಒಂದು ಗುಂಪು ಎರಡೇ ತಿಂಗಳಲ್ಲಿ ಹಣ ದುಪ್ಪಟ್ಟು ಮಾಡಿಕೊಡುತ್ತಿತ್ತು. ಇವತ್ತು ಮಧ್ಯಾಹ್ನ ಹನ್ನೆರಡು ಕೊನೆಯ ಗಡುವು. ದುಪ್ಪಟ್ಟಾಗಲಿ, ಎರಡು ಗಿರಣಿ ಹಾಕೋಣ ಎಂದಿದ್ದ. ತೇಜಸ್ವಿನಿ ವಾರವೆಲ್ಲ ಜಗಳವಾಡಿದಳು. ನಿನ್ನೆ ಸಂಜೆ ಯಾಕೋ ಸುಮ್ಮನಾದಳು. ಗೆದ್ದೆ ಎಂದುಕೊಂಡಿದ್ದ.

"ಹನ್ನೆರಡರೊಳಗೆ ಅವನ ಹತ್ರ ಕಕ್ಕಿಸ್ತೀನಿ," ಎಂದು ಬೈಕಿನ ಕೀಲಿ ತೆಗೆದುಕೊಂಡ.

"ತಡೀರಿ, ನಾನೂ ಬರ್ತೀನಿ. ಅವರಮ್ಮ ತಂಬಿಟ್ಟು ಕಳಿಸಿದ್ದ ಡಬ್ಬಿ ಕೊಡಬೇಕು."

"ಕಳ್ಳನ ಮನೆಗೆ ಡಬ್ಬಿ ವಾಪಸ್ಸಾ?"

"ಕಳ್ಳತನ ಮಗಂದು. ಡಬ್ಬಿ ತಾಯಿದು."

ಡಬ್ಬಿ ತೊಳೆದಳು. ಒರೆಸಿದಳು. ಬಿಸಿಲಿಗಿಟ್ಟಳು. ಸೀರೆ ಬದಲಾಯಿಸಿದಳು. ಅಷ್ಟರಲ್ಲಿ ಹನ್ನೊಂದೂವರೆ.

ಕೊರಟಗೆರೆ ದಾರಿಯ ಪ್ರತಿ ರಸ್ತೆಯುಬ್ಬಿಗೂ ಅವಳ ಮಡಿಲಲ್ಲಿದ್ದ ಡಬ್ಬಿಯೊಳಗೆ ಏನೋ ಲೊಟಕ್ ಎನ್ನುತ್ತಿತ್ತು.

"ಏನದು?"

"ಮುಂದೆ ನೋಡಿ ಓಡಿಸಿ." ಸ್ವಲ್ಪ ದೂರ ಹೋದ ಮೇಲೆ ಕೇಳಿದಳು: "ರೀ, ಈ ಕಾಯಿನ್ನು ಒಂದು ನೆಟ್‌ವರ್ಕಿಂದ ಇನ್ನೊಂದಕ್ಕೆ ಹೋಗೋಕೆ ಚಾರ್ಜು ಬೇಕು ಅಂದಿದ್ರಲ್ಲ?"

"ಬೇಕು. ಎಲ್ಲಿಂದ ಹೊರಡುತ್ತೋ ಆ ನೆಟ್‌ವರ್ಕಿನ ಸ್ವಂತ ಕಾಯಿನ್ನಲ್ಲೇ ಕೊಡಬೇಕು. ಬಸ್ ಚಾರ್ಜ್ ಇದ್ದಂಗೆ. ಅದಿಲ್ಲದಿದ್ರೆ ಕೋಟಿ ಇದ್ರೂ ಸ್ಟ್ಯಾಂಡಲ್ಲೇ ಕೂತಿರಬೇಕು."

"ಕೂತಿದ್ರೆ ಒಳ್ಳೇದೇ ಅಲ್ವಾ?"

"ನಿಂಗಿದೆಲ್ಲ ಅರ್ಥವಾಗಲ್ಲ ಬುಡು."

ಲೊಟಕ್.

ಕೊರಟಗೆರೆಯಲ್ಲಿ ಗೆಳೆಯ ಬಸವೇಶನ ಮೊಬೈಲ್ ರಿಪೇರಿ ಅಂಗಡಿ ಮನೆಯ ಮುಂಭಾಗದಲ್ಲೇ ಇತ್ತು. ನವೀನ್ ಒಳನುಗ್ಗಿ ಫೋನನ್ನು ಕೌಂಟರಿಗೆ ಕುಕ್ಕಿದ. ಆರೋಪವನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಕೊನೆಗೆ, "ಸಿದ್ದರಬೆಟ್ಟ ಹತ್ತಿ ಆಣೆ ಮಾಡ್ತೀಯೇನ್ಲಾ?" ಎಂದ.

"ಮಾಡ್ತೀನಿ. ಹತ್ತೋಕೆ ಮಂಡಿ ನೀನು ಕೊಡು," ಎಂದ ಬಸವೇಶ. "ಮೊದ್ಲು ಲಾಕ್ ತೆಗಿ."

ನವೀನ್ ಎರಡು ಸಲ ತಪ್ಪು ನಂಬರ್ ಒತ್ತಿದ. ಮೂರನೆಯ ಸಲ ತೆರೆಯಿತು. ಬಸವೇಶ ವ್ಯಾಲೆಟ್ಟಿನ ವ್ಯವಹಾರಗಳನ್ನು ಒಂದೊಂದೇ ಸರಿಸಿ ನೋಡಿದ. ಹುಬ್ಬು ಮೇಲೇರಿತು. ಆಮೇಲೆ ನಗು ಬಂತು.

"ಲೇ ದಡ್ಡ, ಯಾವನೂ ಕದ್ದಿಲ್ಲ ಕಣ್ಲಾ. ಕಾಯಿನ್ನು ಬ್ರಿಡ್ಜ್ ದಾಟಿ ಬೇರೆ ನೆಟ್‌ವರ್ಕಿಗೆ ಹೋಗವೆ. ಸೇರಿರೋ ವಿಳಾಸ ನೋಡು. ನಿಂದೇ!"

ತೆರೆಯ ಮೇಲ್ತುದಿಯಲ್ಲಿ ನೆಟ್‌ವರ್ಕ್ ಬದಲಿಸಿದ. ಗಂಟು ಅಲ್ಲಿ ಆರಾಮಾಗಿ ಕೂತಿತ್ತು. ದಾಟಿದ್ದಕ್ಕೆ ಚೂರುಪಾರು ಮುರಿದಿತ್ತು, ಅಷ್ಟೇ.

"ಹಂಗಾದ್ರೆ ಈಗಲೇ ಕಳಿಸು! ಆ ಗುಂಪಿಗೆ!" ಎಂದ ನವೀನ್.

"ಆಗಲ್ಲ. ಈ ನೆಟ್‌ವರ್ಕಲ್ಲಿ ನಿನ್ನ ಹತ್ರ ಬಸ್ ಚಾರ್ಜಿಗೆ ಬಿಡಿಗಾಸಿಲ್ಲ. ಬೇಕಂತ್ಲೇ ತಂದು ಕೂರಿಸವ್ರೆ, ನೀನು ಅಲ್ಲಾಡಿಸದಂಗೆ." ಬಸವೇಶ ಗಡಿಯಾರ ನೋಡಿದ. "ಯಾವ ಗುಂಪು? ದುಪ್ಪಟ್ಟಿಂದಾ? ಹನ್ನೆರಡು ಹೊಡೆದ ತಕ್ಷಣ ಮಾಯ. ಅದಕ್ಕೆ ದುಡ್ಡು ಹಾಕಿದ್ದ ಬುಕ್ಕಾಪಟ್ಟಣದ ಸುನೀಲ್‌ಕುಮಾರ್ ಈಗ ತಾನೇ ಫೋನ್ ಮಾಡಿ ಗೊಳೋ ಅಂದ."

ನವೀನ್ ಸ್ಟೂಲಿನ ಮೇಲೆ ಕುಸಿದ. ಬೆವರು ಒರೆಸಿಕೊಂಡ. ಬೈಯಬೇಕೋ ಕೈ ಮುಗಿಯಬೇಕೋ ತಿಳಿಯಲಿಲ್ಲ. ಯಾರಿಗೆ ಎಂಬುದೂ ತಿಳಿಯಲಿಲ್ಲ.

"ಯಾರೋ ಪುಣ್ಯಾತ್ಮ," ಎಂದ.

"ಪುಣ್ಯಾತ್ಮನೇ. ಆದ್ರೆ ಒಂದು ಬಗೆಹರೀತಿಲ್ಲ." ಬಸವೇಶ ತಲೆ ಕೆರೆದುಕೊಂಡ. "ಎಲ್ಲಾ ಕಳಿಸೋಕೆ ಇಲ್ಲೇ ಒಂದು ಬಟನ್ ಐತೆ. ಒತ್ತಿದ್ರೆ ಪೂರ್ತಿ ಖಾಲಿ. ಇವ್ರು ಅದನ್ನ ಬಿಟ್ಟು, ಅಂಕಿ ಟೈಪ್ ಮಾಡಿ, ಹಳೇ ಕಡೆ ಸರಿಯಾಗಿ ಒಂದು ಉಳಿಸವ್ರೆ. ಹಂಗ್ಯಾಕೆ?"

ಒಳಗಿಂದ ಅವನ ತಾಯಿ ರಾಜಲಕ್ಷ್ಮಮ್ಮ ಬಂದರು. ತೇಜಸ್ವಿನಿ ಡಬ್ಬಿ ಕೊಟ್ಟಳು. ಅವರು ಮುಚ್ಚಳ ತೆಗೆದರು. ಡಬ್ಬಿಯ ತಳದಲ್ಲಿ ಒಂದೇ ಒಂದು ತುಂಡು ಬೆಲ್ಲವಿತ್ತು.

"ಅಯ್ಯೋ, ಇದ್ಯಾಕೆ ಹಾಕ್ದೆ ಕಣಮ್ಮ?"

"ಪೂರ್ತಿ ಖಾಲಿ ಮಾಡಿ ಬಿಡಬಾರದಲ್ಲಮ್ಮ," ಎಂದಳು ತೇಜಸ್ವಿನಿ, ಗಂಡನ ಫೋನಿನ ಕಡೆ ನೋಡುತ್ತ, "ಡಬ್ಬಿಯಾದ್ರೂ ಸರಿ, ವ್ಯಾಲೆಟ್ಟಾದ್ರೂ ಸರಿ."